ಕಾಲಪೇಟಿಯ ಕಿರ್ರೆನ್ನುವ ಪೆಡಲು

ನಮ್ಮಪ್ಪ ಪೇಟಿ ಮಾಸ್ತರ, ನಾಟಕಗಳಿಗೆ ಹಾರ್ಮೋನಿಯಂ ನುಡಿಸುವವನು. ನೆಲದ ಮೇಲೆ ಕೂತು ಒಂದು ಕೈಯಿಂದ ತಿದಿ ಒತ್ತುವ ಸಣ್ಣ ಪೇಟಿಯಲ್ಲ. ಕುರ್ಚಿಯ ಮೇಲೆ ಕುಳಿತು, ಕೆಳಗಿನ ಪೆಡಲನ್ನು ಕಾಲಿನಿಂದ ತುಳಿಯುತ್ತ, ಎರಡೂ ಕೈಯಿಂದ ನುಡಿಸುವ ಕಾಲಪೇಟಿ. ಹಾವೇರಿ, ರಾಣೆಬೆನ್ನೂರು, ನಮ್ಮ ಬ್ಯಾಡಗಿಯ ಸುತ್ತಲಿನ ಹಳ್ಳಿಗಳಲ್ಲಿ ಊರವರು ನಾಟಕ ಕಲಿತರೆಂದರೆ ಪೇಟಿಗೆ ನಮ್ಮಪ್ಪನೇ ಬೇಕು. ಟ್ರ್ಯಾಕ್ಟರ್ ಕಳಿಸಿ ಪೇಟಿಯನ್ನೂ ಅಪ್ಪನನ್ನೂ ಒಟ್ಟಿಗೆ ಹೇರಿಕೊಂಡು ಹೋಗುತ್ತಿದ್ದರು. "ಪೇಟಿ ಹುಷಾರ್ರಿ, ಇವರನ್ನ ಬೀಳಿಸಿದ್ರೂ ಅಡ್ಡಿಯಿಲ್ಲ" ಎಂದು ಅವ್ವ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಅಪ್ಪನಿಗೆ ಅದು ಹೊಗಳಿಕೆಯಂತೆಯೇ ಕೇಳುತ್ತಿತ್ತು.

ನಾನು ಹಾವೇರಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲ ಅದು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಉಗಾದಿ ಕಳೆದ ಮೇಲೆ ಪೆಡಲು ಕಿರ್ರ್ ಎನ್ನಲು ಶುರುವಾಯಿತು. ತುಳಿದಾಗೊಮ್ಮೆ ಕಿರ್ರ್, ಬಿಟ್ಟಾಗೊಮ್ಮೆ ಕಿರ್ರ್. ಮೊದಮೊದಲು ನನಗೆ ನಗು ಬಂತು. ಅಪ್ಪ ಇವತ್ತು ಎಣ್ಣೆ ಬಿಡುತ್ತಾನೆ, ನಾಳೆ ಬಿಡುತ್ತಾನೆ ಎಂದು ಕಾದೆ. ತಬಲಾದ ಶ್ರುತಿ ಒಂದು ಎಳೆ ಇಳಿದಿದ್ದರೆ ನಡು ಹಾಡಿನಲ್ಲೇ ಕೈ ಎತ್ತಿ ಕೂತುಬಿಡುವ ಮನುಷ್ಯ ಇದನ್ನು ಹೇಗೆ ತಡೆದುಕೊಂಡಿದ್ದಾನೆ ಎಂದು ಸೋಜಿಗವೂ ಆಯಿತು.

ಒಂದು ಸಂಜೆ ಅಪ್ಪನ ಜೊತೆ ಪೇಟೆಯಿಂದ ಬರುತ್ತಿದ್ದೆ. ಹಿಂದೆ ಹಾಲಿನ ಸೈಕಲ್ಲಿನವನು ಗಂಟೆ ಬಾರಿಸುತ್ತಲೇ ಇದ್ದ. ಅಪ್ಪ ಸರಿಯಲಿಲ್ಲ. ನಾನು ತೋಳು ಹಿಡಿದು ಎಳೆಯುವಷ್ಟರಲ್ಲಿ ಸೈಕಲ್ಲು ಅವನ ಮೊಣಕೈಗೆ ತಾಗಿ ಮುಂದೆ ಹೋಯಿತು. "ಗಂಟಿ ಬಾರಿಸಬೇಕಲ್ಲೋ ತಮ್ಮಾ!" ಎಂದು ಅಪ್ಪ ಬೈದ. ಸೈಕಲ್ಲಿನವನು ತಿರುಗಿ ನನ್ನ ಮುಖ ನೋಡಿದ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿದ್ದರೂ "ಅನ್ನ ಯಾವಾಗ ಇಡತಿ?" ಎಂದು ಅಪ್ಪ ಕೇಳುವುದು, ಅವ್ವ ಸುಮ್ಮನಿರುವುದು, ಎಲ್ಲ ಒಮ್ಮೆಲೇ ನೆನಪಾಯಿತು. ಅಪ್ಪನಿಗೆ ಪೇಟಿಯ ಸ್ವರ ಕೇಳುತ್ತಿತ್ತು, ಮಾತು ಕೇಳುತ್ತಿತ್ತು. ಆದರೆ ಸಣ್ಣನೆಯ, ತೆಳ್ಳನೆಯ ಸಪ್ಪಳಗಳು ಅವನ ಕಿವಿಯಿಂದ ಒಂದೊಂದಾಗಿ ಹೊರಟುಹೋಗುತ್ತಿದ್ದವು. ಅದು ಅವನಿಗೆ ಗೊತ್ತಿರಲಿಲ್ಲ.

ಅಂದಿನಿಂದ ನನ್ನ ಎದೆಯಲ್ಲಿ ಅಂಜಿಕೆ ಮನೆ ಮಾಡಿತು. ನಾನು ಹಲ್ಲಿಗೂ ಹೆದರುವವಳು, ಆದರೆ ಆ ಹೆದರಿಕೆ ಬೇರೆ, ಇದು ಬೇರೆ. ಪೆಡಲು ಸಪ್ಪಳ ಮಾಡುತ್ತದೆ ಎಂದು ಹೇಳಿದರೆ, ನಿನಗೆ ಕಿವಿ ಕೇಳುವುದಿಲ್ಲ ಎಂದು ಹೇಳಿದಂತೆಯೇ. ಹೇಳದಿದ್ದರೆ ಊರೂರಿನಲ್ಲಿ ಗೊತ್ತಾಗುತ್ತದೆ. ಕಿವಿ ಕೇಳದ ಪೇಟಿ ಮಾಸ್ತರನನ್ನು ಯಾರು ಕರೆಯುತ್ತಾರೆ? ಯಾರೂ ಕರೆಯದಿದ್ದರೆ ನಮ್ಮಪ್ಪ ಏನಾಗುತ್ತಾನೆ? ಗುತ್ತಲದ ನಾಟಕದ ತಾಲೀಮಿನಲ್ಲಿ ಹಾಡುವವರು ಆಗಲೇ ಒಬ್ಬರನ್ನೊಬ್ಬರು ನೋಡಿಕೊಳ್ಳಲು ಶುರು ಮಾಡಿದ್ದರು.

ಗುಟ್ಟಾಗಿ ಎಣ್ಣೆ ಬಿಡೋಣವೆಂದರೆ, ಆ ಪೇಟಿಯನ್ನು ಅಪ್ಪನ ಹೊರತು ಯಾರೂ ಮುಟ್ಟುವಂತಿರಲಿಲ್ಲ. ವರ್ಷಕ್ಕೊಮ್ಮೆ, ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಮಾತ್ರ, ಅದನ್ನು ಒರೆಸುವ ಕೆಲಸ ನಮ್ಮದು. ಪೂಜೆಯ ಮರುದಿನ, ದಸರೆಯ ಬನ್ನಿ ಕೊಡಲು ರಾಣೆಬೆನ್ನೂರಿನ ಕಡೆಯ ನಾಟಕ ಮಂಡಳಿಯ ಹಿರಿಯರೊಬ್ಬರು ಬರುವವರಿದ್ದರು. ಪ್ರತಿ ವರ್ಷ ಬಂದು, ಒಂದು ಹಾಡು ನುಡಿಸಲು ಹೇಳಿ, ಮುಂದಿನ ನಾಟಕಕ್ಕೆ ವೀಳ್ಯ ಕೊಟ್ಟು ಅಪ್ಪನನ್ನು ಗೊತ್ತುಮಾಡಿ ಹೋಗುತ್ತಿದ್ದರು. ಸುದ್ದಿ ಅವರನ್ನೂ ಮುಟ್ಟಿತ್ತು, ಈ ಸಲ ಅವರು ಹಾಡನ್ನಲ್ಲ, ಪೆಡಲಿನ ಸಪ್ಪಳವನ್ನು ಕೇಳಲು ಬರುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಖಂಡೇಪೂಜೆಯ ದಿನ ಅಪ್ಪ ಹೂವು, ಕಬ್ಬು ತರಲು ಹೋದ. ನಾನು ಅವ್ವನ ಹೊಲಿಗೆ ಮಷೀನಿನ ಎಣ್ಣೆಬುಡ್ಡಿ ತೆಗೆದುಕೊಂಡು ಪೇಟಿಯ ಕೆಳಗೆ ತೂರಿದೆ. ಪೆಡಲಿನ ಕೀಲುಗಳು ತುಕ್ಕು ಹಿಡಿದಿದ್ದವು. ಒಂದೊಂದು ಹನಿ ಬಿಡಬೇಕಾದಲ್ಲಿ, ಅವಸರಕ್ಕೆ ಬುಡ್ಡಿ ವಾಲಿ, ಅರ್ಧ ಎಣ್ಣೆ ಪೆಡಲಿನ ಮೇಲೆಲ್ಲ ಸುರಿದುಹೋಯಿತು.

"ಏನ್ ಮಾಡಾಕತ್ತೀದಿ?" ಬಾಗಿಲಲ್ಲಿ ಅವ್ವ.

"ಒರಸಾಕತ್ತೇನಿ."

ಅವ್ವ ಎಣ್ಣೆಬುಡ್ಡಿಯನ್ನು ನೋಡಿದಳು. "ಲಗೂ ಮುಗಸು. ನಿಮ್ಮಪ್ಪ ಬರೂ ಹೊತ್ತಾತು" ಎಂದಳು.

ಅವ್ವನಿಗೂ ಗೊತ್ತಿತ್ತು. ಅಲ್ಲಿಯವರೆಗೆ, ನಾನೇ ಏನೋ ತಪ್ಪು ತಿಳಿದಿರಬಹುದು ಎಂಬ ಆಸೆಯೊಂದು ಉಳಿದಿತ್ತು. ಅದೂ ಹೋಯಿತು.

ಅಪ್ಪ ಬಂದ. ಪೂಜೆಯಾಯಿತು. ಅವ್ವ ಪೇಟಿಗೆ ವಿಭೂತಿ ಹಚ್ಚಿ, ಹೂವೇರಿಸಿ, ಪೆಡಲಿಗೂ ಕೈತುಂಬ ಕುಂಕುಮ ಹಾಕಿದಳು. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಸಪ್ಪಳ ನಿಂತಿದೆಯೋ ಇಲ್ಲವೋ ತುಳಿದು ನೋಡುವಂತಿಲ್ಲ, ಸುರಿದ ಎಣ್ಣೆಯನ್ನು ಒರೆಸುವಂತೆಯೂ ಇಲ್ಲ. ಹೋಳಿಗೆ ತಿಂದೆ, ರುಚಿ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಹಿರಿಯರು ಬಂದರು. ಬನ್ನಿ ಕೊಟ್ಟು, "ಬಂಗಾರದಂಗ ಇರೂಣ್ರಿ ಮಾಸ್ತರ" ಎಂದು ಅಪ್ಪನನ್ನು ತಬ್ಬಿಕೊಂಡು, ಚಹಾ ಕುಡಿದು, "ಒಂದೀಟು ನುಡಸ್ರಲ್ಲಾ" ಎಂದರು. ಅಪ್ಪ ಹೂವು ತೆಗೆದು, ಪೇಟಿಗೆ ಕೈ ಮುಗಿದು, ಬರಿಗಾಲನ್ನು ಪೆಡಲಿನ ಮೇಲಿಟ್ಟ. ಹಿರಿಯರ ಕಣ್ಣು ಅಪ್ಪನ ಕೈಯ ಮೇಲಿರಲಿಲ್ಲ, ಕಾಲಿನ ಮೇಲಿತ್ತು. ನಾನು ಒಳಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತ ಅವ್ವನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಕಿರ್ರ್ ಎನ್ನಲಿಲ್ಲ. ಬರೀ ಹಾಡು. ಎಷ್ಟು ಚೆಂದ ನುಡಿಸಿದ ನಮ್ಮಪ್ಪ! ಹಿರಿಯರ ಮುಖ ಸಡಿಲವಾಯಿತು. ತಟ್ಟೆಯಲ್ಲಿ ಎಲೆ ಅಡಿಕೆ, ಕಾಯಿ ಇಟ್ಟು ವೀಳ್ಯ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಅಪ್ಪ ಅವರನ್ನು ಬಾಗಿಲತನಕ ಕಳಿಸಿ ಬಂದ. ನೆಲದ ಮೇಲೆ ಕೆಂಪು ಹೆಜ್ಜೆಗಳು ಮೂಡಿದ್ದವು.

"ಅಯ್ಯ, ಕಾಲಿಗೆ ಏನ್ ಬಡೀತ್ರಿ?" ಎಂದು ಅವ್ವ ಚೀರಿದಳು.

ಅಪ್ಪ ಕುರ್ಚಿಯ ಮೇಲೆ ಕೂತು ಅಂಗಾಲನ್ನು ತಿರುಗಿಸಿ ನೋಡಿದ. ರಕ್ತವಲ್ಲ, ಎಣ್ಣೆಯಲ್ಲಿ ಕಲೆಸಿದ ಕುಂಕುಮ. ಬೆರಳಿಂದ ಒರೆಸಿ ಮೂಸಿದ. ಬಗ್ಗಿ ಪೆಡಲಿನ ಕೀಲು ನೋಡಿದ. ಆಮೇಲೆ ಕಿವಿಯನ್ನು ಅದರ ಹತ್ತಿರ ಒಯ್ದು, ಕೈಯಿಂದ ಪೆಡಲನ್ನು ಮೆಲ್ಲಗೆ ಒತ್ತಿ ಬಿಟ್ಟ, ಒತ್ತಿ ಬಿಟ್ಟ. ತಲೆ ಎತ್ತಿದಾಗ ಅವನ ಮುಖ ಬಿಳಿಚಿತ್ತು. ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನು ನನ್ನತ್ತ ತಿರುಗಿದ.

"ಎಷ್ಟ ದಿನಾ ಆಗಿತ್ತ ಯವ್ವಾ, ಇದು ಸಪ್ಪಳ ಮಾಡಾಕ ಹತ್ತಿ?"

ಸುಳ್ಳು ನಾಲಗೆಗೆ ಬರಲಿಲ್ಲ. "ಉಗಾದಿಯಿಂದಪಾ."

"ಹಂಗಾರ ಗುತ್ತಲದ ನಾಟಕದಾಗೂ ಇತ್ತು."

ನಾನು ತಲೆಯಾಡಿಸಿದೆ.

"ಮಂದಿ ನಕ್ಕರೇನು?"

"ಇಲ್ಲಪಾ. ಯಾರೂ ನಗಲಿಲ್ಲ." ಅದು ಖರೆ. ಯಾರೂ ನಕ್ಕಿರಲಿಲ್ಲ, ಅಪ್ಪನ ಮುಖ ನೋಡಿ ಎಲ್ಲರೂ ಸುಮ್ಮನಾಗಿದ್ದರು.

ಅಪ್ಪ ಅಂಗಾಲಿನ ಕುಂಕುಮವನ್ನು ಒರೆಸಿಕೊಂಡ. ಆಮೇಲೆ ವೀಳ್ಯದ ತಟ್ಟೆಯನ್ನು ಎತ್ತಿ ನನ್ನ ಕೈಗೆ ಕೊಟ್ಟ.

"ಅವರು ಬಸ್ ಸ್ಟ್ಯಾಂಡಿನ್ಯಾಗ ಇರ್ತಾರ. ವಾಪಸ್ ಕೊಟ್ಟು ಬಾ. ಬ್ಯಾರೆ ಮಾಸ್ತರನ್ನ ನೋಡ್ಕೋರಿ ಅಂತ ಹೇಳು."

ಅವ್ವ ಬೇಡವೆಂದಳು, ಅತ್ತಳು. ಅಪ್ಪ ಅವಳತ್ತ ನೋಡಲಿಲ್ಲ. ನಾನು ಹೊರಟೆ. ರಾಣೆಬೆನ್ನೂರಿನ ಬಸ್ಸು ಹೋಗಿಬಿಟ್ಟಿರಲಿ ದೇವರೇ ಎಂದು ಬೇಡಿಕೊಳ್ಳುತ್ತ, ಎಷ್ಟು ನಿಧಾನ ನಡೆಯಲು ಬರುತ್ತದೋ ಅಷ್ಟು ನಿಧಾನ ನಡೆದೆ. ಸಿಕ್ಕವರೆಲ್ಲ ತಡೆದು ಬನ್ನಿ ಕೊಟ್ಟರು, ಎಲ್ಲರ ಜೊತೆ ನಿಂತು ಮಾತಾಡಿದೆ.

ಬಸ್ಸು ಇನ್ನೂ ನಿಂತಿತ್ತು.