ಗಾಯಕರು ಓಡುವ ಆಟ

ಮೊನ್ನೆ ಮಧ್ಯಾಹ್ನ ಮೊಮ್ಮಗಳನ್ನು ಊಟಕ್ಕೆ ಕರೆದರೆ, "ಒಂದು ನಿಮಿಷ ಅಜ್ಜಿ, ಗಾಯಕ ಸತ್ತ, ಎಬ್ಬಿಸಿ ಬರ್ತೇನೆ" ಎಂದಳು. ಗಾಬರಿಯಾಗಿ ಹೋಗಿ ನೋಡಿದೆ. ಅವಳ ಮೊಬೈಲಿನೊಳಗೆ ಲೋಕಪ್ರಸಿದ್ಧ ಹಾಡುಗಾರನೊಬ್ಬ ಮಿಂಚುವ ಅಂಗಿ ತೊಟ್ಟು ಮನೆಗಳ ಮಾಡಿನಿಂದ ಮಾಡಿಗೆ ಹಾರುತ್ತಿದ್ದ. ಹಾಡುವವನಿಗೆ ಹಾರುವ ಕೆಲಸ ಯಾಕೆ ಎಂದು ನಾನು ಕೇಳಲಿಲ್ಲ. ಅಂಥದೇ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಬಹಳ ಹಿಂದೆಯೇ ಒಬ್ಬರು ಕೇಳಿದ್ದರು. ಸಿಕ್ಕಿದ ಉತ್ತರದಿಂದ ಅವರಿಗೇನೂ ಒಳ್ಳೆಯದಾಗಲಿಲ್ಲ.

ಅವರು ನನ್ನ ಅಮ್ಮನ ತಮ್ಮ, ಸಂಜೀವ ಮಾವ. ಮಂಗಳೂರಿನ ಉರ್ವದ ನಮ್ಮ ಮನೆಯಲ್ಲೇ ಇದ್ದರು. ಹಗಲು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ, ಮದುವೆಯ ಸೀಸನ್ನಿನಲ್ಲಿ ಮಹಾಗಾಯಕ. ರಿಸೆಪ್ಶನ್ನುಗಳಲ್ಲಿ ಆರ್ಕೆಸ್ಟ್ರಾದವರೊಂದಿಗೆ ಸಿನಿಮಾ ಹಾಡು ಹಾಡುತ್ತಿದ್ದರು. ಕೇಳುಗರು ಊಟದ ಹಾಲಿನ ಬಾಗಿಲು ಯಾವಾಗ ತೆರೆದೀತೆಂದು ಅತ್ತಲೇ ಕಣ್ಣಿಟ್ಟಿರುತ್ತಿದ್ದರು. ಮಾವ ಅದನ್ನು ತನ್ಮಯತೆ ಎಂದು ತಿಳಿದಿದ್ದರು. ಮಂಗಳೂರಿನ ಮೇ ತಿಂಗಳಲ್ಲೂ ಕುತ್ತಿಗೆಗೊಂದು ಮಫ್ಲರ್. ಮೊಸರು, ಐಸ್‌ಕ್ರೀಮ್, ಅಮ್ಮನ ಪ್ರಶ್ನೆಗಳು, ಇವೆಲ್ಲ ಅವರ ಗಂಟಲಿಗೆ ಆಗುತ್ತಿರಲಿಲ್ಲ. ಜೊತೆಗೆ ಹಾಡುತ್ತಿದ್ದ ಲಲಿತಾ ಎಂಬ ಹೊಲಿಗೆ ಕ್ಲಾಸಿನ ಟೀಚರನ್ನು "ಆ ಹುಡುಗಿ" ಎಂದಷ್ಟೇ ಕರೆಯುತ್ತಿದ್ದರು. ಯುಗಳಗೀತೆಯಲ್ಲಿ ಅವಳ ಪಾಲಿನ ಸಾಲನ್ನೂ ಆದಷ್ಟು ತಾವೇ ಮುಗಿಸಿ ಅವಳ ಭಾರ ಇಳಿಸುತ್ತಿದ್ದರು.

ನನ್ನ ಅಕ್ಕನ ಗಂಡ ದಿನೇಶ ಭಾವ ಬಹರೈನಿನಲ್ಲಿದ್ದವರು. ಒಂದು ರಜೆಗೆ ಬರುವಾಗ ಟಿವಿ ತಂದರು. ಮಂಗಳೂರಿಗೆ ಆಗಿನ್ನೂ ಟಿವಿ ಪ್ರಸಾರವೇ ಇರಲಿಲ್ಲ ಎಂಬ ಸಣ್ಣ ಸಂಗತಿ ಯಾರನ್ನೂ ತಡೆಯಲಿಲ್ಲ. ದೇರೆಬೈಲಿನ ನೆಂಟರು ಬಸ್ಸು ಹಿಡಿದು ಬಂದು, ಅದು ಆಫ್ ಆಗಿರುವುದನ್ನು ಕಣ್ತುಂಬ ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ಮರುವರ್ಷ ಭಾವ ಅದಕ್ಕೊಂದು ಉದ್ಯೋಗ ತಂದರು: ವಿಡಿಯೋ ಗೇಮ್.

ಅದು ಯಾವುದೋ ಪರದೇಶದ ಪ್ರಖ್ಯಾತ ವಾದ್ಯತಂಡದವರ ಆಟ. ಡಬ್ಬದ ಮೇಲೆ ಉದ್ದ ಕೂದಲಿನ ಸುಂದರಾಂಗರು. ಪರದೆಯ ಮೇಲೆ ಕೈಕಾಲು ಬಂದ ಬೆಂಕಿಕಡ್ಡಿಯಂಥ ಒಬ್ಬ. ಕಾರ್ಯಕ್ರಮ ಮುಗಿಸಿದ ಕಲಾವಿದರನ್ನು ಕಾದಿರುವ ಗಾಡಿಗೆ ಹತ್ತಿಸುವುದೇ ನಮ್ಮ ಕೆಲಸ. ದಾರಿಯಲ್ಲಿ ಮುತ್ತುವ ಅಭಿಮಾನಿಗಳು, ಫೋಟೋದವರು, ಮತ್ತು ಎಲ್ಲರಿಗಿಂತ ಅಪಾಯಕಾರಿಯಾಗಿ, ಕಾರ್ಯಕ್ರಮ ಕುದುರಿಸಲು ಕೈಚೀಲ ಹಿಡಿದು ಬರುವ ಏಜೆಂಟರು. ಚೀಲದವನು ತಾಗಿದರೆ ಗಳಿಸಿದ್ದೆಲ್ಲ ಸೊನ್ನೆ.

ಮಾವ ಮಫ್ಲರ್ ಸರಿಮಾಡಿಕೊಂಡು ನೋಡಿದರು. "ಇದರಲ್ಲಿ ಹಾಡುವುದು ಯಾವಾಗ?" ಎಂದು ಕೇಳಿದರು.

"ಹಾಡಿ ಆಗಿದೆ ಮಾವ. ಇದು ಅದರ ನಂತರದ್ದು. ದೊಡ್ಡ ಕಲಾವಿದರಿಗೆ ಕಷ್ಟ ಇರುವುದೇ ಹಾಡಿ ಆದ ಮೇಲೆ" ಎಂದರು ಭಾವ, ತಮಾಷೆಗೆ.

ಮಾವ ಅದನ್ನು ತಮಾಷೆಯೆಂದು ತಿಳಿಯಲಿಲ್ಲ. ತಮ್ಮ ಕಲಾಜೀವನದಲ್ಲಿ ಏನೋ ಒಂದು ಕೊರತೆ ಇದೆಯೆಂದು ಅವರಿಗೆ ಮೊದಲಿನಿಂದ ಅನಿಸುತ್ತಿತ್ತು. ಅದೇನೆಂದು ಈಗ ಗೊತ್ತಾಯಿತು. ಅವರು ಓಡಿರಲೇ ಇಲ್ಲ. ಅಂದಿನಿಂದ ಕಾರ್ಖಾನೆಯಿಂದ ಬಂದವರೇ ಟಿವಿಯ ಮುಂದೆ ಅಭ್ಯಾಸಕ್ಕೆ ಕೂರುತ್ತಿದ್ದರು. ಊಟಕ್ಕೆ ಕುಳಿತಾಗ, ಅಭಿಮಾನಿಗಳನ್ನಾದರೂ ಸಹಿಸಬಹುದು, ಚೀಲದವರನ್ನು ಮಾತ್ರ ಹತ್ತಿರ ಸೇರಿಸಬಾರದು ಎಂದು ನಮಗೆಲ್ಲ ಬುದ್ಧಿ ಹೇಳುತ್ತಿದ್ದರು. ನಮ್ಮ ಹತ್ತಿರ ಯಾವ ಚೀಲದವನೂ ಬರುವಂತಿರಲಿಲ್ಲ. ಆದರೂ ತಲೆಯಾಡಿಸುತ್ತಿದ್ದೆವು.

ಮುಂದಿನ ಕಾರ್ಯಕ್ರಮ ಕದ್ರಿಯ ಒಂದು ಮದುವೆ ಹಾಲಿನಲ್ಲಿ. ಮಾವ ಸ್ನೇಹಿತರೊಬ್ಬರ ಅಂಬಾಸಿಡರ್ ಕಾರನ್ನು ಹಿಂಬಾಗಿಲಿಗೆ ತರಿಸಿ ನಿಲ್ಲಿಸಿದರು. ಬಿಸಿನೀರಿನ ಫ್ಲಾಸ್ಕ್ ಹಿಡಿದು ಹಿಂದಿನ ಸೀಟಿನಲ್ಲಿ ಕೂರುವ ಗೌರವ ನನ್ನ ಪಾಲಿಗೆ ಬಂತು. ಒಳಗೆ ಕೋಳಿ ಸುಕ್ಕದ ಪರಿಮಳ ಏಳುತ್ತಿರುವಾಗ ಕಲೆಗಾಗಿ ನಾನು ಮಾಡಿದ ತ್ಯಾಗ ಅದು.

ಕೊನೆಯ ಹಾಡು ಮುಗಿಯಿತು. ಮಾವ ವೇದಿಕೆಯಿಂದ ಧುಮುಕಿ, ಅಡ್ಡಡ್ಡ ಹಾರಿ, ಇಲ್ಲದ ಜನರನ್ನು ತಪ್ಪಿಸಿಕೊಂಡು ಓಡಿ ಬಂದರು. ಅಭಿಮಾನಿಗಳೆಲ್ಲ ಊಟದ ಹಾಲಿಗೆ ನುಗ್ಗಿಯಾಗಿತ್ತು. ಆದರೆ ಒಬ್ಬ, ಒಬ್ಬನೇ ಒಬ್ಬ, ನಿಜಕ್ಕೂ ಅವರ ಬೆನ್ನು ಹತ್ತಿದ್ದ. "ಸಂಜೀವರೇ, ಒಂಚೂರು ನಿಲ್ಲಿ" ಎನ್ನುತ್ತ ಏದುಸಿರು ಬಿಡುತ್ತಿದ್ದ ಆತನ ಕಂಕುಳಲ್ಲಿ ಚರ್ಮದ ಚೀಲವಿತ್ತು. ಮಾವ ತಿರುಗಿ ಚೀಲವನ್ನು ನೋಡಿದರು. ಕಾರಿನ ಬಾಗಿಲೆಳೆದುಕೊಂಡು, "ಬಿಡು ಮಾರಾಯ, ಬೇಗ" ಎಂದು ಡ್ರೈವರನಿಗೆ ಹೇಳಿದರು. ಅಷ್ಟು ಸಂತೋಷದ ಮುಖವನ್ನು ನಾನು ಅವರಲ್ಲಿ ಹಿಂದೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಆರ್ಕೆಸ್ಟ್ರಾದ ಯಜಮಾನರು ಸ್ಕೂಟರಿನಲ್ಲಿ ಬಂದು ವಿಷಯ ತಿಳಿಸಿದರು. ಆ ಚೀಲದವನು ತುಳು ಹಾಡುಗಳ ಕ್ಯಾಸೆಟ್ಟಿಗೆ ಒಳ್ಳೆಯ ಸ್ವರ ಹುಡುಕುತ್ತ ಬಂದವನಂತೆ. ಹಂಪನಕಟ್ಟೆಯ ಲಾಡ್ಜಿನಲ್ಲಿದ್ದಾನೆ, ಸಂಜೆಯ ಬಸ್ಸಿಗೆ ಹೋಗುತ್ತಾನೆ. ಅಮ್ಮ ಈಗಲೇ ಹೋಗಿ ಮಾತಾಡೆಂದು ಬೇಡಿಕೊಂಡರು.

"ನಾನು ಹೋಗುವುದಾ? ಬೇಕಾದವ ಬರಲಿ" ಎಂದರು ಮಾವ. ಕಾರ್ಖಾನೆಗೆ ರಜೆ ಹಾಕಿ, ಇಸ್ತ್ರಿಯ ಅಂಗಿ ತೊಟ್ಟು, ಜಗಲಿಯಲ್ಲಿ ಬೇಕಾದವನನ್ನು ಕಾಯುತ್ತ ಕುಳಿತರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಬೇಕಾದವ ಬರಲಿಲ್ಲ. ಅವನು ಬಸ್ಸು ಹತ್ತುವ ಮೊದಲು ಲಲಿತಾಳ ಮನೆಗೆ ಹೋಗಿದ್ದ.

ಕೆಲವು ತಿಂಗಳಲ್ಲಿ ಲಲಿತಾಳ ಕ್ಯಾಸೆಟ್ ಹೋಟೆಲುಗಳಲ್ಲಿ, ಸಿಟಿ ಬಸ್ಸುಗಳಲ್ಲಿ ಕೇಳಿಸತೊಡಗಿತು. ಮಾವ ಆರೋಗ್ಯಕ್ಕೆ ಒಳ್ಳೆಯದೆಂದು ಕಾರಣ ಹೇಳಿ ಕಾರ್ಖಾನೆಗೆ ನಡೆದೇ ಹೋಗಲು ಶುರುಮಾಡಿದರು. ವಿಡಿಯೋ ಗೇಮ್ ಮಂಚದಡಿ ಸೇರಿತು. ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ನಮ್ಮ ಮನೆಯ ಮಟ್ಟಿಗೆ ಅದು ದೊಡ್ಡ ಸಂಯಮ.

ಒಂದು ಭಾನುವಾರ ಲಲಿತಾ ಬಂದಳು. ಮಾವನ ಕೈಗೆ ಕ್ಯಾಸೆಟ್ ಕೊಟ್ಟು, "ನೀವು ಅವತ್ತು ಓಡದಿದ್ದರೆ ನನ್ನನ್ನು ಯಾರು ಕೇಳ್ತಿದ್ದರು ಸಂಜೀವಣ್ಣ" ಎಂದಳು. ಅವಳಿಗೆ ಕೊಂಕು ಮಾತು ಗೊತ್ತಿರಲಿಲ್ಲ. ನಿಜವಾದ ಕೃತಜ್ಞತೆಯಿಂದಲೇ ಹೇಳಿದ್ದು. ಇನ್ನೊಂದು ಕ್ಯಾಸೆಟ್ ಆಗುವುದುಂಟು, ಅದರ ಒಂದು ಹಾಡಿನಲ್ಲಿ ಗಂಡು ಸ್ವರದ ಎರಡು ಸಾಲು ಉಂಟು, ಬರ್ತೀರಾ ಎಂದು ಕೇಳಿದಳು.

ಎರಡೇ ಸಾಲು. ಅಮ್ಮ ಮೆಲ್ಲನೆ ಅಡುಗೆಮನೆಗೆ ಸರಿದರು. ಮಾವ ಕ್ಯಾಸೆಟ್ಟಿನ ಮೇಲಿದ್ದ ಅವಳ ಫೋಟೋವನ್ನು ನೋಡಿ, ಮಫ್ಲರ್ ಸರಿಮಾಡಿಕೊಂಡರು.

"ಯಾವ ಶ್ರುತಿ?" ಎಂದು ಕೇಳಿದರು.

ಇದೆಲ್ಲವನ್ನೂ ನಾನು ಮೊನ್ನೆ ಮೊಮ್ಮಗಳಿಗೆ ನಗಿಸುವುದಕ್ಕೆಂದೇ ಹೇಳಿದೆ. ಅವಳು ಬೇಕಾದಷ್ಟು ನಕ್ಕು, ನಂತರ ಮೊಬೈಲಿನಲ್ಲಿ ಏನೋ ತಡಕಿದಳು. ಯಾರೋ ಪುಣ್ಯಾತ್ಮರು ಆ ಎರಡನೆಯ ಕ್ಯಾಸೆಟ್ಟನ್ನು ಅಲ್ಲಿ ಹಾಕಿದ್ದರು. ಹಾಡಿನ ಮಧ್ಯೆ ಲಲಿತಾ ನಿಂತಳು, ಮಾವ ಬಂದರು. ಮದುವೆಗಳಲ್ಲಿ ಅವರು ಹಾಡಿದ್ದೆಲ್ಲ ಯಾರಾದರೊಬ್ಬ ಸಿನಿಮಾ ಗಾಯಕನ ಗಂಟಲಿನಲ್ಲಿ. ಇಲ್ಲಿ ನಕಲು ಮಾಡಲು ಯಾರೂ ಸಿಕ್ಕಿರಲಿಲ್ಲ ಪಾಪ, ತಮ್ಮದೇ ಸ್ವರದಲ್ಲಿ ಹಾಡಿಬಿಟ್ಟಿದ್ದರು.

"ಚಂದ ಉಂಟಲ್ಲ ಅಜ್ಜಿ" ಎಂದಳು ಮೊಮ್ಮಗಳು.

ಹೌದು, ಚಂದವಿತ್ತು. ನಾನು ಏನಾದರೊಂದು ಕುಹಕ ಹೇಳಲು ಬಾಯಿ ತೆರೆದವಳು, ಮತ್ತೊಮ್ಮೆ ಹಾಕು ಎಂದೆ.