ತಿರುಳಿಗೆ ಬಿದ್ದ ಒಂದೇ ಗೆರೆ

ಎಂಬತ್ತರ ದಶಕದ ಕೊನೆ. ಶಿರಾದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಾನು ರಕ್ತ ಪರೀಕ್ಷೆ ಮಾಡುತ್ತಿದ್ದೆ. ನನ್ನ ತಮ್ಮ ಮದಲೂರಿನಲ್ಲಿ ಕುರಿ ಮೇಯಿಸುತ್ತಿದ್ದ. ಹೆಂಡತಿಯ ಆಪರೇಷನ್‌ಗೆಂದು ಬೆಂಗಳೂರಿನಲ್ಲಿ ರಕ್ತ ಕೊಟ್ಟು ಬಂದ. ಅವನ ಹಿಂದೆಯೇ ಕಾಗದ ಬಂತು: ಏಡ್ಸ್ ಪರೀಕ್ಷೆಯಲ್ಲಿ ಅನುಮಾನ, ಆರು ತಿಂಗಳ ಮೇಲೆ ಮತ್ತೆ ರಕ್ತ ಕೊಡಬೇಕು.

ಕಾಗದದ ಜೊತೆಗಿದ್ದ ವರದಿಯನ್ನು ನಮ್ಮ ಡಾಕ್ಟರಿಗೆ ತೋರಿಸಿದೆ. ರಕ್ತದಲ್ಲಿರುವ ಪ್ರತಿಕಾಯ ವೈರಸ್ಸಿನ ಯಾವ ಭಾಗಕ್ಕೆ ಅಂಟುತ್ತದೋ ಪರೀಕ್ಷೆಯ ಪಟ್ಟಿಯಲ್ಲಿ ಅಲ್ಲೊಂದು ಗೆರೆ ಬೀಳುತ್ತದೆ; ಇವನಿಗೆ ಒಳತಿರುಳಿನ ಪ್ರೋಟೀನಿಗೆ ಮಾತ್ರ ಬಿದ್ದಿದೆ, ಹೊರಕವಚದ ಜಾಗದಲ್ಲಿ ಏನೂ ಇಲ್ಲ ಎಂದರು. ಈ ವೈರಸ್ಸಿಗೆ ದಾಯಾದಿಗಳಿವೆಯಂತೆ. ಕವಚ ಬೇರೆ ಬೇರೆ, ತಿರುಳು ಹೆಚ್ಚುಕಡಿಮೆ ಒಂದೇ. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದರ ತಿರುಳಿಗೂ ಅಂಟಿಕೊಳ್ಳುತ್ತದೆ. ಎಷ್ಟೋ ಸಲ ಯಾವ ವೈರಸ್ಸೂ ಇಲ್ಲದವರಿಗೂ ಅಲ್ಲೊಂದು ಗೆರೆ ಬೀಳುವುದುಂಟು.

ಇದನ್ನು ಅವನಿಗೆ ಹೇಗಪ್ಪಾ ತಿಳಿಸುವುದು ಎಂದು ತಲೆ ಕೆಡಿಸಿಕೊಂಡು ಹೋಗಿ, ತಿಳಿದಷ್ಟು ಹೇಳಿದೆ. ಅವನೇ ನನಗೆ ಪಾಠ ಮಾಡಿದ.

"ದೊಡ್ಡಪ್ಪನ ಕುರಿಗೂ ನಮ್ಮ ಕುರಿಗೂ ಗುರ್ತಿಗೆ ಅಂತ ಕಿವಿ ತುದಿ ಕತ್ತರಿಸೋದು ಒಂದೇ ತರ ಕಣಕ್ಕ. ಪಕ್ಕದ ಕಚ್ಚು ನೋಡಿದ್ರೇನೆ ಯಾರ್ದು ಅಂತ ಗೊತ್ತಾಗೋದು. ಮುಳ್ಳಿಗೆ ಸಿಕ್ಕಿ ಹರಿದ್ರೂ ತುದಿ ಅಂಗೇ ಕಾಣ್ತದೆ. ಇಷ್ಟೇ ತಾನೆ?"

"ಇಷ್ಟೇ ಕಣೋ" ಎಂದೆ. ಅಷ್ಟು ಬುದ್ಧಿವಂತನೂ ಮಾರನೇ ದಿನದಿಂದಲೇ ತನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡ!

ಅದೇ ತಿಂಗಳು ನನ್ನ ಮಗಳಿಗೆ ಕಿವಿ ಚುಚ್ಚಿಸಬೇಕಿತ್ತು. ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಬೇಕು. ಅವನು ಬಂದವನು ಬಾಗಿಲಾಚೆಯೇ ನಿಂತ.

"ನಾ ಎತ್ಕಳಲ್ಲ ಕಣಕ್ಕ. ರಕ್ತ ಬರೋ ಕೆಲ್ಸ. ಕೂಸಿಗೆ ಏನಾದ್ರೂ ಆಗ್ಬುಟ್ರೆ?"

ಹೇಳಿಯೇಬಿಡುತ್ತೇನೆ: ಆ ಕ್ಷಣ ನನಗೆ, ಸದ್ಯ, ಅವನೇ ಹೇಳಿದನಲ್ಲ ಅನ್ನಿಸಿತು. ಮುಟ್ಟಿದರೆ ಅಂಟುವುದಿಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು! ನನ್ನ ಮೇಲೆ ನನಗೇ ಮೈ ಉರಿದುಹೋಯಿತು. ಆ ಸಿಟ್ಟನ್ನೆಲ್ಲ ಪಾಪ ಅವನ ಮೇಲೆ ತೀರಿಸಿಕೊಂಡೆ.

"ಮುಚ್ಚಲೇ ಬಾಯಿ! ಲ್ಯಾಬಲ್ಲಿರೋದು ನೀನೋ ನಾನೋ? ಬಂದು ಕೂತ್ಕೋ."

ರಟ್ಟೆ ಹಿಡಿದು ಎಳೆದು ಕೂರಿಸಿ, ಮಗುವನ್ನು ತೊಡೆಯ ಮೇಲೆ ಹಾಕಿದೆ. ಅಕ್ಕಸಾಲಿ ಚುಚ್ಚಿದ ಕೂಡಲೇ ಅದು ಚೀರಿ ಅವನ ಕತ್ತು ತಬ್ಬಿಕೊಂಡಿತು. ಅವನ ಎರಡೂ ಕೈ ಮಗುವಿಗೆ ತಾಗದಂತೆ ದೂರವೇ ಇದ್ದವು.

"ಹಿಡ್ಕೊಳೋ" ಎಂದೆ. ಹಿಡಿದುಕೊಂಡ. ಮಗುವಿಗಿಂತ ಜೋರಾಗಿ ಅವನೇ ಅತ್ತ.

ಆರು ತಿಂಗಳ ಮೇಲೂ ಅದೇ ಒಂದು ಗೆರೆ, ಇನ್ನೊಂದು ಹುಟ್ಟಿರಲಿಲ್ಲ. ಸೋಂಕಿಲ್ಲ, ಇನ್ನು ಪರೀಕ್ಷೆಯೂ ಬೇಡ ಎಂದರು ಡಾಕ್ಟರು.

"ಎಲ್ರೂ ಹೆದರಿದ್ರು ಕಣಮ್ಮ, ನಿಮ್ಮವ್ವ ಒಬ್ಳೇ ಒಂಚೂರೂ ಹೆದರ್ಲಿಲ್ಲ" ಎಂದು ಅವನು ಇವತ್ತಿಗೂ ನನ್ನ ಮಗಳಿಗೆ ಹೇಳುತ್ತಾನೆ. ನಾನು ಅಲ್ಲೇ ಕೂತಿರುತ್ತೇನೆ. ಅವತ್ತು ‘ಸದ್ಯ’ ಅನ್ನಿಸಿದ್ದನ್ನು ಅವನಿಗೆ ಇನ್ನೂ ಹೇಳಿಲ್ಲ.