ಪಾರವ್ವನ ಮನೆಯ ಜೋಡೆತ್ತು

ಪಾರವ್ವನನ್ನು ನಾನು ಮೊದಲು ಕಂಡಾಗ ಆಕೆ ತನ್ನ ಎರಡೂ ಅಂಗೈಗಳ ಮೇಲೆ ಕೂತಿದ್ದಳು. ಆಕೆಯೊಬ್ಬಳೇ ಅಲ್ಲ, ಪುಣೆಯ ಧನಕವಡಿಯ ಆ ಶಾಲೆಯ ಪಡಸಾಲೆಯಲ್ಲಿ ಗೋಡೆಗುಂಟ ಎಲ್ಲ ತಾಯಂದಿರೂ ಹಾಗೇ ಕೂತಿದ್ದೆವು. ೨೦೦೪ರ ಜೂನ್. ಕಣ್ಣು ಕಾಣುವ ಮಕ್ಕಳು, ಕಾಣದ ಮಕ್ಕಳು, ಓಡುವವರು, ಗಾಲಿಕುರ್ಚಿಯವರು ಎಲ್ಲರೂ ಕಲೆತು ಮಣ್ಣಿನಲ್ಲಿ ಗೊಂಬೆ ಮಾಡುವ ಭಾನುವಾರದ ಶಿಬಿರ ಅದು. ತಾಯಂದಿರು ಮಕ್ಕಳ ಕೈ ಹಿಡಿದು ತಾವೇ ಎಲ್ಲ ಮಾಡಿಬಿಡುತ್ತಾರೆಂದು ಮೃಣಾಲ್ ಟೀಚರ್ ಈ ಶಿಕ್ಷೆ ಕಂಡುಹಿಡಿದಿದ್ದರು. ಯಾರದಾದರೂ ಕೈ ಹೊರಬಂದರೆ “ಹಾತ್ ನಾಹೀ ಲಾವಾಯ್ಚಾ!”, ಕೈ ಹಚ್ಚಬಾರದು, ಎಂದು ಮರಾಠಿಯಲ್ಲಿ ಗದರುವರು.

ಪಾರವ್ವನಿಗೆ ಮೂಗು ತುರಿಸಿತು. ಕೆರೆಯಲೆಂದು ನನ್ನ ಕಡೆ ಮುಖ ಚಾಚಿದಳು. ನನ್ನ ಕೈಗಳೂ ನನ್ನ ಕೆಳಗೇ ಇದ್ದವು. ಕೊನೆಗೆ ನನ್ನ ಭುಜಕ್ಕೆ ಮೂಗು ಉಜ್ಜಿಕೊಂಡು, “ತಪ್ಪ ತಿಳೀಬ್ಯಾಡ್ರಿ ಅಕ್ಕೋರ” ಎಂದಳು. ಹಾಗೆ ಪರಿಚಯವಾಯಿತು.

ಯಾದಗಿರಿ ಕಡೆಯವಳು. ಮದುವೆಯಾದ ವರ್ಷವೇ ಗೌಂಡಿ ಕೆಲಸದ ಗಂಡ ಲಾಲಪ್ಪನ ಹಿಂದೆ ಪುಣೆಗೆ ಬಂದು ಇಟ್ಟಿಗೆ ಹೊತ್ತವಳು. ಮಗಳು ಸಪ್ನಾಳಿಗೆ ಹುಟ್ಟಿನಿಂದ ಕಣ್ಣು ಕಾಣಿಸದು. ಪಾರವ್ವನ ಕೈಗೆ ಸುಮ್ಮನಿರುವುದು ಗೊತ್ತೇ ಇಲ್ಲ. ಮಾತಾಡುತ್ತಲೇ ನನ್ನ ಸೆರಗಿನ ಎಳೆ ಕಿತ್ತು, ನನ್ನ ಮಗಳು ಗೋದಾಳ ಜಡೆ ಬಿಚ್ಚಿ ಮತ್ತೆ ಹೆಣೆದುಬಿಡುವಳು. ಅಂಥವಳು ಕೈ ಮೇಲೆ ಕೂಡಲು ಒಪ್ಪಿದ್ದಕ್ಕೆ ಒಂದೇ ಕಾರಣ: ಆ ವಾರ ಮಣ್ಣೆತ್ತಿನ ಅಮಾವಾಸ್ಯೆ.

“ವರ್ಷಾ ವರ್ಷಾ ಮಣ್ಣಿನ ಎತ್ತು ನಾನೇ ಮಾಡ್ತೀನ್ರಿ. ಕಡೀಕ ಇಕಿ ಬೆರಳು ಬಾಲಕ್ಕ ಮುಟ್ಟಿಸಿ, ನೀನೇ ಮಾಡಿದಿ ನೋಡು ಅಂತೀನಿ. ದೇವರ ಮುಂದ ಸುಳ್ಳು. ಈ ಸಲ ಇಕಿ ಕೈಲೆ ಆದ ಎತ್ತೇ ಜಗಲಿ ಮ್ಯಾಲ ಕೂಡ್ಬೇಕು.”

ಸಪ್ನಾ ಬಹಳ ಹೊತ್ತು ಮಣ್ಣು ತಟ್ಟಿದಳು. ಆಮೇಲೆ ನಮ್ಮ ಮುಂದೆ ತಂದಿಟ್ಟಳು. ಎರಡು ಕೊಂಬು ಸರಿಯಾಗಿದ್ದವು. ನಡುವೆ ಒಂದೇ ಕಣ್ಣು. ಹಿಂದೆ ಬಾಲ ಬಹಳ ಚಂದ. ಕೆಳಗೆ ಎರಡು ಗಾಲಿ.

“ಯವ್ವಾ, ಇದೇನಾ?” ಪಾರವ್ವ ಕೇಳಿದಳು.

“ಎತ್ತು.”

“ಇದಕ್ಕ ಕಾಲು ಎಲ್ಲಿ ಅವ?”

“ಗಾಲಿ ಅದಾವಲ್ಲ! ನೀನೇ ಹೇಳಿದಿ. ಎತ್ತಿಗಿ ಎರಡು ಕೋಡು, ಹೊಟ್ಟಿ ಬೆಚ್ಚಗ, ಮುಂಜಾನಿ ಏಳಲಾಕ ಮೊಂಡತನ ಮಾಡ್ತದ, ಒದ್ದರ ಗುರ್ ಅಂದು ಎದ್ದು ಹೊಂಡ್ತದ. ನಮ್ಮಪ್ಪ ದಿನಾ ಅದರ ಮ್ಯಾಲೇ ಹೋಗ್ತಾನ.”

ರೊಟ್ಟಿ ಬಡಿಯುತ್ತ ಪಾರವ್ವ ಎಂದೋ ಹೇಳಿದ ವಿವರಣೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಪುಣೆಯಲ್ಲೇ ಹುಟ್ಟಿದ ಹುಡುಗಿಯ ಕೈಗೆ ಸಿಕ್ಕಿದ್ದು ಮಾತ್ರ ಲಾಲಪ್ಪನ ಹಳೇ ಸ್ಕೂಟರು.

ಪಾರವ್ವನ ಬಲಗೈ ಹೊರಗೆ ಬಂತು. ಮಣ್ಣು ಇನ್ನೂ ಹಸಿಯಿತ್ತು. ಸೀಟನ್ನು ಮೇಲೆತ್ತಿದರೆ ಡುಬ್ಬ, ಗಾಲಿ ಹಿಂಜಿದರೆ ಕಾಲು. ಟೀಚರ್ ಆಚೆ ತುದಿಯಲ್ಲಿದ್ದರು. ನನಗೆ ಪಾಪ ಅನಿಸಿತು. ಗೋದಾ ಮಾಡಿದ ಜೋಡಿ ಎತ್ತನ್ನು ಕಾಲಿನಿಂದಲೇ ಆಕೆಯ ಕಡೆ ಸರಿಸಿದೆ. “ಇವನ್ನ ಒಯ್ಯಿ ಪಾರವ್ವಾ.”

ಆಕೆ ಅವುಗಳ ಕೋಡು, ಗೊರಸು ಎಲ್ಲ ನೋಡಿದಳು. “ಭೇಷ್ ಆಗ್ಯಾವ. ಖರೆ, ಇವು ನಿಮ್ಮನಿ ಎತ್ತು” ಎಂದು, ಬಲಗೈಯನ್ನು ಮತ್ತೆ ಕೆಳಗಿಟ್ಟುಕೊಂಡು ಅದರ ಮೇಲೆ ಗಟ್ಟಿಯಾಗಿ ಕೂತಳು. ಮಗಳಿಗೆ ಹೇಳಿದಳು: “ಒಂಟಿ ಎತ್ತಿಗಿ ಪೂಜಿ ಮಾಡಬಾರದವ್ವ. ಜೋಡಿ ಬೇಕು.”

ಸಪ್ನಾ ಯೋಚಿಸಿದಳು. “ಮನಿ ಮಾಲಕರದೊಂದು ಅದ ಅಲ್ಲಾ? ಸಣ್ಣದು. ಪೆಡಲ್ ತುಳೀಬೇಕು.”

“ಹೂಂ. ಅದೇ ಮಾಡು.”

ಅಮಾವಾಸ್ಯೆಯ ಬೆಳಿಗ್ಗೆ ನಾನು ಗೋದಾಳನ್ನು ಕರೆದುಕೊಂಡು ಅವರ ಮನೆಗೆ ಹೋದಾಗ ದೇವರ ಜಗಲಿಯ ಮೇಲೆ ಮಣ್ಣಿನ ಸ್ಕೂಟರು, ಮಣ್ಣಿನ ಮೊಪೆಡ್ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕಡಬು ಉಣ್ಣುತ್ತಿದ್ದವು. ಲಾಲಪ್ಪ ಮಾತ್ರ ಅಂಗಳದಲ್ಲಿ ಮಗಳ ಮುಂದೆ ಅಂಗಲಾಚುತ್ತಿದ್ದ.

“ಶಿವಾಜಿನಗರದಾಗ ಸ್ಲ್ಯಾಬ್ ಹಾಕೋ ಕೆಲಸ ಅದ ನನ್ನವ್ವ, ಕೀಲಿ ಕೊಡು.”

“ಅಮಾಸಿ ದಿನ ಎತ್ತು ಹೂಡಬಾರದು. ಯವ್ವ ಹೇಳ್ಯಾಳ.”

“ಅದು ಎತ್ತಲ್ಲಲೇ!”

ಪಾರವ್ವ ಒಳಗಿನಿಂದ ಬಂದಳು. “ಎತ್ತಲ್ಲ ಅಂದ್ರ ನಾ ಈಗ ಪೂಜಿ ಮಾಡಿದ್ದು ಯಾರಿಗಿ?” ಎಂದು ಗಂಡನ ಕೈಗೆ ಬುತ್ತಿ ಕೊಟ್ಟು ಬಸ್ ಸ್ಟಾಪಿನ ದಿಕ್ಕು ತೋರಿಸಿದಳು.

ಅಷ್ಟರಲ್ಲಿ ಮನೆ ಮಾಲೀಕ ಭುಜಂಗರಾವ್ ಆಫೀಸಿಗೆ ಹೊರಟು ಬಂದರು. ಅವರ ಮೊಪೆಡ್ಡಿನ ಹ್ಯಾಂಡಲ್ಲಿಗೆ ಸೇವಂತಿಗೆ ಸರ, ಮುಂದೆ ಒಂದು ಹಿಡಿ ಹಸಿಹುಲ್ಲು. ಏನಿದು ಎಂದರು. ಇವತ್ತು ಎತ್ತುಗಳಿಗೆ ರಜೆ ಎಂದು ಪಾರವ್ವ ಮರಾಠಿಯಲ್ಲಿ ತಿಳಿಸಿದಳು.

“ನಂದಕ್ಕೂ ಏನು?” ಅವರು ಕಂಗಾಲಾಗಿ ಕೇಳಿದರು.

“ಜೋಡಿ ಅಲ್ಲೇನ್ರಿ, ಸಾಹೇಬ್” ಎಂದಳು ಪಾರವ್ವ.